ಒಂಬತ್ತು ಅಂಗಡಿಗಳು

ಸಾಗರ
12 ಜೂನ್ 2023

ಪ್ರೀತಿಯ ಸ್ವಾತಿ,

ಈ ಕಾಲದಲ್ಲಿ ಅಂಚೆಗೆ ಕಾಗದ ಹಾಕುವವಳು ನಾನೊಬ್ಬಳೇ ಇರಬೇಕು. ಏನು ಮಾಡಲಿ, ವಾಟ್ಸಾಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ಫೋನ್ ಎತ್ತುವುದಿಲ್ಲ. ಹೊಸನಗರ ಬಸ್‌ಸ್ಟ್ಯಾಂಡಿನ ಹತ್ತಿರ ನಿನ್ನ ಜೆರಾಕ್ಸ್ ಅಂಗಡಿ ಇದೆ ಎಂದು ನಮ್ಮ ಕ್ಲಾಸಿನ ರವೀಶ್ ಹೇಳಿದ. ಆ ವಿಳಾಸಕ್ಕೇ ಬರೆಯುತ್ತಿದ್ದೇನೆ.

ನನ್ನ ಪುಸ್ತಕ ‘ಬೇರೆ ಲೋಕದ ಕಪಾಟುಗಳು’ ನಿನ್ನ ಕಣ್ಣಿಗೆ ಬಿದ್ದಿರಬಹುದು. ಬ್ಯಾಂಕಿನ ಆಡಿಟ್ ಕೆಲಸಕ್ಕೆಂದು ಊರೂರು ತಿರುಗುತ್ತೇನಲ್ಲ, ಯಾವ ಊರಿನ ಯಾವ ಅಂಗಡಿಯಲ್ಲಿ ಒಳ್ಳೆಯ ಫ್ಯಾಂಟಸಿ, ವೈಜ್ಞಾನಿಕ ಕಾದಂಬರಿಗಳು ಸಿಗುತ್ತವೆ ಎಂದು ಬರೆದಿಟ್ಟದ್ದನ್ನೆಲ್ಲ ಅದರಲ್ಲಿ ಸೇರಿಸಿದ್ದೇನೆ. ಒಟ್ಟು ಮೂವತ್ತನಾಲ್ಕು ಅಂಗಡಿಗಳು. ಇಪ್ಪತ್ತೈದು ನಾನು ನೋಡಿದವು. ಉಳಿದ ಒಂಬತ್ತು, ಕಾಲೇಜಿನಲ್ಲಿದ್ದಾಗ ನಮ್ಮಿಬ್ಬರ ನೋಟ್‌ಬುಕ್ಕಿನಲ್ಲಿ ನೀನು ಬರೆದವು. ಓದಿದವರೆಲ್ಲ ಆ ಒಂಬತ್ತನ್ನೇ ಹೆಚ್ಚು ಮೆಚ್ಚಿದ್ದಾರೆ ಎಂದರೆ ನಿನಗೆ ಖುಷಿಯಾಗಬಹುದು.

ಈಗ ಎರಡನೇ ಮುದ್ರಣ ಬರುತ್ತಿದೆ. ಅಷ್ಟರಲ್ಲಿ ತೀರ್ಥಹಳ್ಳಿಯ ಶ್ರೀನಾಥ್ ಎಂಬ ನಿವೃತ್ತ ಮೇಷ್ಟ್ರು ಪ್ರಕಾಶಕರಿಗೆ ದೂರು ಬರೆದಿದ್ದಾರೆ. ನೀನು ಬರೆದ, ಕೋಣಂದೂರು ಸಂತೆಯಲ್ಲಿ ಹಳೆಯ ಪುಸ್ತಕ ಮಾರುವ ಕನ್ನಮ್ಮನನ್ನು ಹುಡುಕಿ ಮೂರು ವಾರ ಸುತ್ತಿದರಂತೆ. ಅಂಥವರು ಯಾರೂ ಇಲ್ಲ ಎಂದರಂತೆ ಸಂತೆಯವರು. ಹದಿನೈದು ವರ್ಷವಾಯಿತು, ತೀರಿಕೊಂಡಿರಬಹುದು ಎಂದು ನಾನು ಸಮಾಧಾನ ಹೇಳಿದೆ. ಆದರೂ ಒಂಬತ್ತು ಅಂಗಡಿಗಳ ಈಗಿನ ವಿಳಾಸ, ಸಾಧ್ಯವಾದರೆ ಒಂದೊಂದು ಫೋಟೋ ಕಳಿಸಿದರೆ ದೊಡ್ಡ ಉಪಕಾರ.

ಸಿಟ್ಟು ಬಿಟ್ಟು ಬರೆ. ಕನ್ನಮ್ಮನಂಥವಳನ್ನು ನಾನೂ ಒಮ್ಮೆ ನೋಡಬೇಕಿತ್ತು.

ನಿನ್ನ
ಶ್ರೀಗೌರಿ


ಹೊಸನಗರ
30 ಜೂನ್ 2023

ಗೌರಿ,

ನಿನ್ನ ಪುಸ್ತಕ ನನ್ನ ಕಣ್ಣಿಗೆ ಬಿದ್ದಿದೆ. ಹೋದ ವರ್ಷ ಪೇಪರ್ ಬಂಡಲ್ ತರಲು ಶಿವಮೊಗ್ಗಕ್ಕೆ ಹೋಗಿದ್ದಾಗ ಒಂದು ಅಂಗಡಿಯ ಮುಂದೆ ಜೋಡಿಸಿಟ್ಟಿದ್ದರು. ನಿನ್ನ ಹೆಸರು ನೋಡಿ ನಿಜವಾಗಿ ಸಂತೋಷಪಟ್ಟು ಕೈಗೆತ್ತಿಕೊಂಡೆ. ನಡುವೆ ಒಂದು ಪುಟ ತೆರೆದೆ. ಅಲ್ಲಿದ್ದದ್ದು ನನ್ನ ವಾಕ್ಯ. ಮುಂದಿನದೂ ನನ್ನದೇ. ನಿಂತಲ್ಲೇ ಒಂಬತ್ತನ್ನೂ ಓದಿದೆ. ನಾಲ್ಕು ಗಂಟೆಯ ಬಸ್ಸು ತಪ್ಪಿತು.

ಮೊದಲ ಪುಟದಿಂದ ಕೊನೆಯ ಪುಟದವರೆಗೆ ನನ್ನ ಹೆಸರು ಹುಡುಕಿದೆ. ಒಂದೇ ಕಡೆ ‘ಗೆಳತಿಯೊಬ್ಬಳು ಹೇಳಿದ ಹಾಗೆ’ ಎಂದಿತ್ತು. ಬ್ಲಾಕ್ ಮಾಡಿದ್ದು ಅವತ್ತೇ, ಬಸ್‌ಸ್ಟ್ಯಾಂಡಿನಲ್ಲೇ ಕೂತು.

ವಿಳಾಸ ಆಮೇಲೆ. ನನ್ನನ್ನು ಒಂದು ಮಾತು ಕೇಳದೆ ಹೇಗೆ ಹಾಕಿಕೊಂಡೆ? ಎರಡನೇ ಮುದ್ರಣದಲ್ಲಿ ಆ ಒಂಬತ್ತರ ಕೆಳಗೆ ನನ್ನ ಹೆಸರು ಇರುತ್ತದೋ ಇಲ್ಲವೋ? ಅದನ್ನು ಹೇಳು ಮೊದಲು.

ಸ್ವಾತಿ


ಸಾಗರ
8 ಜುಲೈ 2023

ಪ್ರೀತಿಯ ಸ್ವಾತಿ,

ತಪ್ಪಾಯಿತು ಮಾರಾಯ್ತಿ. ಕೇಳಬೇಕಿತ್ತು. ನೋಟ್‌ಬುಕ್ ನನ್ನ ಹತ್ತಿರವೇ ಉಳಿದಿತ್ತು, ಅದು ನಮ್ಮಿಬ್ಬರದು ಎಂಬ ಸಲಿಗೆಯಲ್ಲಿ ತೆಗೆದುಕೊಂಡೆ. ಪುಸ್ತಕದಲ್ಲಿ ಎರಡು ದನಿ ಬೇಡ, ಓದುಗರಿಗೆ ಗೊಂದಲವಾಗುತ್ತದೆ ಎಂದರು ಸಂಪಾದಕರು. ನಾನೂ ಹೂಂ ಎಂದುಬಿಟ್ಟೆ. ನೀನು ಇಷ್ಟು ಹಚ್ಚಿಕೊಳ್ಳುತ್ತೀಯ ಎಂದು ಅನಿಸಲಿಲ್ಲ. ಎಷ್ಟೆಂದರೂ ಅದು ಅಂಗಡಿಗಳ ವಿವರ, ನಿನ್ನ ಕಥೆ ಕವಿತೆ ಏನಲ್ಲವಲ್ಲ.

ಹೆಸರಿನ ವಿಷಯ ಮಾತಾಡೋಣ. ಮೊದಲು ಈ ವಿಳಾಸದ ತಲೆನೋವು ಬಗೆಹರಿಯಲಿ, ಪ್ರಕಾಶಕರು ದಿನಾ ಫೋನ್ ಮಾಡುತ್ತಿದ್ದಾರೆ. ನಿನಗೆ ಬಿಡುವಿಲ್ಲದಿದ್ದರೆ ಹತ್ತಿರದ ಒಂದೆರಡನ್ನು ನಾನೇ ನೋಡಿಬರುತ್ತೇನೆ. ಧರ್ಮಪ್ಪನ ಅಂಗಡಿ ನಿಮ್ಮ ಬಸ್‌ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಮಹಡಿಯ ಮೇಲೆಯೇ ಅಲ್ಲವೇ? ನಿವೃತ್ತ ಕಂಡಕ್ಟರ್, ಕಥೆ ಭೂಮಿಯಿಂದ ಎಷ್ಟು ದೂರ ನಡೆಯುತ್ತದೆ ಎಂದು ಲೆಕ್ಕ ಹಾಕಿ ಪುಸ್ತಕ ಜೋಡಿಸುವವನು, ಕೆಳಗಿನ ಸಾಲು ಓದಿ ಮುಗಿಸದವರಿಗೆ ಮೇಲಿನ ಸಾಲಿಗೆ ಏಣಿ ಕೊಡದವನು. ಅಂಥ ಮನುಷ್ಯನನ್ನು ಮರೆಯಲಾದೀತೇ?

ನಿನ್ನ
ಗೌರಿ


ಹೊಸನಗರ
19 ಜುಲೈ 2023

ಗೌರಿ,

ಭಾನುವಾರ ಹನ್ನೊಂದೂವರೆಗೆ ನೀನು ಇಲ್ಲಿಗೆ ಬಂದಿದ್ದೆ. ಬಸ್‌ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿಯ ಎದುರು ಹಸಿರು ಕೊಡೆ ಹಿಡಿದು ನಿಂತಿದ್ದೆ. ಗಿರಣಿಯವನನ್ನು ವಿಚಾರಿಸಿದೆ, ಪಂಕ್ಚರ್ ಅಂಗಡಿಯವನನ್ನು ವಿಚಾರಿಸಿದೆ. ಆಮೇಲೆ ತಲೆಯೆತ್ತಿ ನನ್ನ ಅಂಗಡಿಯ ಬೋರ್ಡ್ ಓದಿದೆ. ನಾನು ಒಳಗೆ ಯಾರದೋ ಆಧಾರ್ ಕಾರ್ಡ್ ಜೆರಾಕ್ಸ್ ಮಾಡುತ್ತಿದ್ದೆ. ನೀನು ನನ್ನನ್ನು ನೋಡಿದೆ. ನೋಡಿ, ಸಾಗರದ ಬಸ್ಸಿನ ಕಡೆ ನಡೆದೆ.

ಹದಿನೈದು ವರ್ಷದ ಮೇಲೆ ನನ್ನನ್ನು ಕಂಡವಳು ಒಳಗೆ ಬಂದು ಒಂದು ಲೋಟ ನೀರು ಕೇಳಲಿಲ್ಲವಲ್ಲ, ಅದಕ್ಕೆ ಈಗ ಇದನ್ನು ಬರೆಯುವುದು ಸುಲಭವಾಗಿದೆ.

ಆ ಗಿರಣಿಯ ಮೇಲೆ ಮಹಡಿಯೇ ಇಲ್ಲ. ಧರ್ಮಪ್ಪ ಇಲ್ಲ, ಏಣಿ ಇಲ್ಲ. ಕೋಣಂದೂರು ಸಂತೆಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಕೂತು, ‘ನಿಂಗೆ ಯಾವುದರ ಹೆದ್ರಿಕೆ ಹೇಳು, ಅದಕ್ಕೆ ತಕ್ಕ ಪುಸ್ತಕ ಕೊಡ್ತೀನಿ’ ಎನ್ನುತ್ತಿದ್ದ ಕನ್ನಮ್ಮ ಇಲ್ಲ. ಕನ್ನಮ್ಮ ಎಂಬುದು ನಮ್ಮ ಅವ್ವನ ಹೆಸರು. ಅವಳಿಗೆ ಓದಲು ಬಾರದು. ಇಲ್ಲೇ ಹತ್ತಿರದ ನಗರ ಎಂಬ ಊರಿನ ಕೋಟೆಯೆದುರು, ಇನ್ನೂ ಯಾರೂ ಬರೆಯದ ಪುಸ್ತಕಗಳಿಗೆಂದು ಒಂದು ಕಪಾಟು ಖಾಲಿ ಬಿಟ್ಟಿದ್ದ ಅಂಗಡಿಯೂ ಇಲ್ಲ. ಹುಬ್ಬಳ್ಳಿಯಾಚೆಯ ಆರೂ ಇಲ್ಲ. ಒಂಬತ್ತರಲ್ಲಿ ಒಂದೂ ಇಲ್ಲ. ಎಲ್ಲವನ್ನೂ ಹುಟ್ಟಿಸಿದವಳು ನಾನು.

ನಿಯಮ ಮಾಡಿದವಳು ನೀನು. ನೆನಪಿದೆಯೋ? ಹೊಸ ಅಂಗಡಿ ಬರೆಯದವಳು ನೋಟ್‌ಬುಕ್ ಮುಟ್ಟುವಂತಿಲ್ಲ. ರಜೆ ಬಂತೆಂದರೆ ನೀನು ಅಪ್ಪನ ಜೊತೆ ಪುಣೆ, ಕೋಲ್ಕತ್ತಾ, ದಿಲ್ಲಿ. ನಾನು ಶಿವಮೊಗ್ಗವನ್ನೇ ಎರಡು ಸಲ ನೋಡಿದ್ದೆ. ನೀನು ಬರೆದದ್ದನ್ನು ಓದಬೇಕೆಂದು ನನಗೆ ಎಷ್ಟು ಆಸೆಯಿತ್ತು ಎಂದರೆ, ಅದಕ್ಕಾಗಿ ಮೊದಲ ಸುಳ್ಳು ಬರೆದೆ. ನಮ್ಮಪ್ಪ ಹುಲಿಯಪ್ಪ ಲಾರಿ ಡ್ರೈವರ್ ಎಂದು ನಿನಗೆ ಗೊತ್ತಿತ್ತು. ರಜೆಯಲ್ಲಿ ನನ್ನನ್ನೂ ಲಾರಿಯಲ್ಲಿ ಕರೆದುಕೊಂಡು ಹೋಗುತ್ತಾನೆ ಎಂದೆ. ನೀನು ನಂಬಿದೆ. ಒಂದು ಸಲವೂ ಕರೆದುಕೊಂಡು ಹೋಗಲಿಲ್ಲ. ಅಂಗಲಾಚಿದರೆ, ‘ಹೆಣ್ಣುಡ್ಗಿ ಲಾರಿ ಹತ್ತಿದ್ರೆ ಊರವ್ರು ಏನಂತಾರೆ, ಸುಮ್ನೆ ಉಣ್ಣು’ ಎನ್ನುತ್ತಿದ್ದ. ಉಣ್ಣುತ್ತ ತಾನು ಹಾದುಬಂದ ಊರುಗಳ ಹೆಸರು ಹೇಳುತ್ತಿದ್ದ. ನಾನು ಆ ಹೆಸರುಗಳಿಗೆ ಅಂಗಡಿ ಕಟ್ಟಿದೆ.

ಒಂದು ದಿನ ನಿಮ್ಮ ಮನೆಗೆ ಬಂದಿದ್ದೆ. ಧರ್ಮಪ್ಪನ ಅಂಗಡಿ ನೋಡಬೇಕು, ಹೊಸನಗರಕ್ಕೆ ಕರೆದುಕೊಂಡು ಹೋಗು ಎಂದು ನೀನು ನಿಮ್ಮಪ್ಪನಿಗೆ ಗಂಟು ಬಿದ್ದೆ. ನಿಮ್ಮಪ್ಪ ವೆಂಕಟ್ರಮಣ ಮಾವ ಪೇಪರ್ ಕೆಳಗಿಳಿಸದೆ, ‘ಹೊಸನಗರಕ್ಕೆ ಎಂಗೊ ಎಂತಕ್ಕೆ ಹೋಗವು? ಅಲ್ಲಿ ಎಂತ ಇದ್ದು?’ ಎಂದರು. ಅಲ್ಲಿ ಏನಿದೆ ಅಂತ ನಾವು ಹೋಗಬೇಕು ಎಂಬ ಆ ಮಾತಿಗೆ ನೀನು ನಕ್ಕೆ. ನನ್ನ ಸುಳ್ಳು ಉಳಿಯಿತಲ್ಲ ಎಂದು ನಾನೂ ನಕ್ಕೆ. ದಿಲ್ಲಿಯ ಅಂಗಡಿಯನ್ನು ಮೂರು ಸಲ ಹೋಗಿ ನೋಡಿದವಳು, ಬಸ್ಸಿನಲ್ಲಿ ಒಂದು ಗಂಟೆ ದೂರದ ಅಂಗಡಿಯನ್ನು ಅಚ್ಚು ಹಾಕಿಸುವ ಮುಂಚೆ ಒಮ್ಮೆಯೂ ಹೋಗಿ ನೋಡಲಿಲ್ಲ.

ಈಗ ಹೇಳು, ಅವು ಬರೀ ಅಂಗಡಿಗಳ ವಿವರವೋ? ನಾನು ಜೀವಮಾನದಲ್ಲಿ ಬರೆದದ್ದು ಅಷ್ಟೇ. ನನ್ನ ಹೆಸರು ಹಾಕು.

ಸ್ವಾತಿ


ಪುಣೆ
2 ಆಗಸ್ಟ್ 2023

ಸ್ವಾತಿ,

ನಿನ್ನ ಕಾಗದ ಓದಿ ಎರಡು ದಿನ ಕೆಲಸಕ್ಕೆ ಕೈ ಹಚ್ಚಲಾಗಲಿಲ್ಲ. ನನ್ನ ಕೆಲಸವೇ ಇನ್ನೊಬ್ಬರು ಬರೆದದ್ದು ನಿಜವೋ ಸುಳ್ಳೋ ಎಂದು ನೋಡುವುದು. ಅಂಥವಳನ್ನು ಇಪ್ಪತ್ತು ವರ್ಷದ ಹುಡುಗಿಯಾಗಿದ್ದಾಗಲೇ ನೀನು ಚೆನ್ನಾಗಿ ಆಟ ಆಡಿಸಿದ್ದೀಯ. ಓದುಗರು ರಜೆ ಹಾಕಿ ಬಸ್ಸು ಹತ್ತಿ ಹೋಗುತ್ತಿದ್ದಾರೆ. ಅವರ ಮುಂದೆ ಸುಳ್ಳಿಯಾದವಳು ನಾನು. ನೀನು ಜೆರಾಕ್ಸ್ ಅಂಗಡಿಯಲ್ಲಿ ಆರಾಮಾಗಿ ಕೂತಿದ್ದೀಯ.

ಅವತ್ತು ಒಳಗೆ ಬರದೆ ಹೋದದ್ದು ಯಾಕೆ ಗೊತ್ತೇ? ಗಿರಣಿಯ ಎದುರು ನಿಂತಾಗಲೇ ನನಗೆ ಅರ್ಥವಾಗಿತ್ತು. ನಿನ್ನ ಮುಖ ನೋಡಿದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ ಎಂದು ಹೆದರಿದೆ. ನಾನು ನಿನ್ನನ್ನು ನಂಬಿದ್ದೆ ಸ್ವಾತಿ. ನಂಬಿದವರನ್ನು ಯಾರಾದರೂ ಹೋಗಿ ಪರೀಕ್ಷೆ ಮಾಡುತ್ತಾರೆಯೇ?

ಒಂಬತ್ತನ್ನೂ ತೆಗೆದುಹಾಕಲು ಪ್ರಕಾಶಕರಿಗೆ ಹೇಳುತ್ತೇನೆ. ಹೆಸರು ಬೇಕೆಂದೆಯಲ್ಲ, ಯಾವುದಕ್ಕೆ ಹಾಕಲಿ? ಮೋಸಕ್ಕೆ ಹಾಕಲೇ?

ಶ್ರೀಗೌರಿ


ಹೊಸನಗರ
20 ಆಗಸ್ಟ್ 2023

ಗೌರಿ,

ನಿನ್ನ ಪುಸ್ತಕದ ಎಪ್ಪತ್ತೊಂದನೇ ಪುಟ ತೆಗೆ. ‘ಧರ್ಮಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏಣಿ ಕೊಟ್ಟರು. ನಾನು ಹತ್ತಿದೆ.’ ನೋಟ್‌ಬುಕ್ಕಿನಲ್ಲಿ ಹತ್ತಿದವಳು ನಾನು. ಪುಸ್ತಕದಲ್ಲಿ ಹತ್ತಿದವಳು ನೀನು. ನಾನು ಇಲ್ಲದ ಏಣಿ ಬರೆದೆ, ನೀನು ಅದನ್ನು ಹತ್ತಿಬಂದೆ. ನಂಬಿದ್ದೆ ಎಂದು ಮುಖ ಊದಿಸಬೇಡ.

ನಾನು ಬರೆದದ್ದು ಒಬ್ಬ ಗೆಳತಿಗೆ. ಅಚ್ಚು ಹಾಕಿಸಿ ಮಾರು ಎಂದು ಕೊಟ್ಟದ್ದಲ್ಲ. ನಿನ್ನ ಓದುಗರನ್ನು ಬಸ್ಸು ಹತ್ತಿಸಿದವಳು ನೀನೇ.

ತೆಗೆದುಹಾಕುವುದಾದರೆ ಹಾಕು, ಆ ಹಕ್ಕು ನಿನಗಿದೆ. ಆದರೆ ಮುಂದಿನ ಮುದ್ರಣದಲ್ಲಿ ಒಂದೇ ಒಂದು ಸಾಲು ಇರಲಿ. ‘ಹಿಂದಿನ ಮುದ್ರಣದಲ್ಲಿದ್ದ ಒಂಬತ್ತು ಅಂಗಡಿಗಳು ಹೊಸನಗರದ ಸ್ವಾತಿ ಹುಲಿಯಪ್ಪ ಕಲ್ಪಿಸಿ ಬರೆದವು.’ ಇಷ್ಟೇ. ದೂರು ಬರೆಯುವವರು ನನಗೆ ಬರೆಯಲಿ, ಬೈಯುವವರು ನನ್ನ ಅಂಗಡಿಗೆ ಬಂದು ಬೈಯಲಿ. ಹೆಸರಿನ ಜೊತೆ ಬೈಗುಳ ಬರುವುದಾದರೆ ಅದೂ ನನಗಿರಲಿ.

ಬೇರೇನೂ ಬೇಡ.

ಸ್ವಾತಿ


ಸಾಗರ
11 ಮಾರ್ಚ್ 2024

ಪ್ರೀತಿಯ ಸ್ವಾತಿ,

ಏಳು ತಿಂಗಳು ಬರೆಯಲಿಲ್ಲ. ಇದರ ಜೊತೆ ಎರಡನೇ ಮುದ್ರಣದ ಪ್ರತಿ ಇಟ್ಟಿದ್ದೇನೆ. ಮುನ್ನುಡಿ ಓದುವ ಮೊದಲು ಈ ಕಾಗದ ಓದು.

ನಿನ್ನ ಸಾಲನ್ನು ಹಾಕಿಸಬೇಕು ಎಂದೇ ಇದ್ದೆ. ದೇವರಾಣೆ. ಡಿಸೆಂಬರ್‌ನಲ್ಲಿ ಒಂದು ಸಂವಾದಕ್ಕೆ ಕರೆದಿದ್ದರು. ಸಭೆ ತುಂಬಿತ್ತು. ಶ್ರೀನಾಥ್ ಮೇಷ್ಟ್ರು ಎದ್ದು ನಿಂತು, ‘ತಾಯಿ, ನಿಮ್ಮ ಕನ್ನಮ್ಮನೂ ಇಲ್ಲ, ಧರ್ಮಪ್ಪನೂ ಇಲ್ಲ. ನಾನು ಎಲ್ಲಾ ಕಡೆ ಹೋಗಿ ಬಂದೀನಿ. ಇದಕ್ಕೆ ಏನಂತೀರಿ?’ ಎಂದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಭಯವಾಯಿತು ಸ್ವಾತಿ. ‘ಇಲ್ಲ ಅಂತ ನನಗೂ ಗೊತ್ತು ಸರ್. ಕಲ್ಪನಾಲೋಕದ ಪುಸ್ತಕ ಹುಡುಕುವವರಿಗೆ ಒಂದಷ್ಟು ಕಲ್ಪನೆಯ ಅಂಗಡಿಗಳೂ ಇರಲಿ ಅಂತ ನಾನೇ ಕಟ್ಟಿದ್ದು’ ಎಂದುಬಿಟ್ಟೆ.

ಸಭೆಯಲ್ಲಿ ಚಪ್ಪಾಳೆ. ಮೇಷ್ಟ್ರೇ ಮೊದಲು ತಟ್ಟಿದರು. ಮರುದಿನ ಪತ್ರಿಕೆಯಲ್ಲಿ ಬಂತು. ಪ್ರಕಾಶಕರು ಆ ಒಂಬತ್ತನ್ನು ಪುಸ್ತಕದ ಮೊದಲಿಗೆ ತಂದರು. ಅಲ್ಲಿಂದ ಹಿಂದೆ ಬರುವ ದಾರಿ ನನಗೆ ಕಾಣಲಿಲ್ಲ. ಈಗ ಹೋಗಿ ಇನ್ನೊಬ್ಬಳು ಬರೆದದ್ದು ಎಂದರೆ ನನ್ನನ್ನು ಎರಡು ಸಲ ಸುಳ್ಳಿ ಎನ್ನುತ್ತಾರೆ.

ಕೃತಜ್ಞತೆಯ ಪುಟದಲ್ಲಿ ನಿನ್ನ ಹೆಸರು ಹಾಕಿಸಿದ್ದೇನೆ. ‘ಬೆರಳಚ್ಚಿಗೆ ನೆರವಾದ ಹೊಸನಗರದ ಸ್ವಾತಿ’ ಎಂದಿದೆ. ಏನೆಂದು ಹಾಕುವುದು ಎಂದು ಸಂಪಾದಕರು ಕೇಳಿದಾಗ ಬೇರೆ ಹೊಳೆಯಲಿಲ್ಲ. ಆ ಒಂಬತ್ತು ಅಂಗಡಿಗಳು ಪುಸ್ತಕದಲ್ಲೇ ಉಳಿದವು, ಇನ್ನಷ್ಟು ಜನ ಓದುತ್ತಿದ್ದಾರೆ. ಅಷ್ಟರಮಟ್ಟಿಗಾದರೂ ಸಂತೋಷಪಡು.

ನಾಚಿಕೆಯಾಗುತ್ತಿದೆ. ಕ್ಷಮಿಸು ಎಂದು ಕೇಳುವ ಧೈರ್ಯವಿಲ್ಲ.

ಗೌರಿ


ಹೊಸನಗರ
5 ಏಪ್ರಿಲ್ 2024

ಗೌರಿ,

ಪುಸ್ತಕ ತಲುಪಿತು. ನಾನು ಬೆರಳಚ್ಚು ಮಾಡಿಕೊಟ್ಟ ಪುಟ ಯಾವುದು ಎಂದು ತಿಳಿಸು.

ಸ್ವಾತಿ


ಸಾಗರ
14 ಸೆಪ್ಟೆಂಬರ್ 2024

ಸ್ವಾತಿ,

ನಿನ್ನ ಆ ಕಾರ್ಡನ್ನು ಐದು ತಿಂಗಳಿಂದ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನೀನು ಬೆರಳಚ್ಚು ಮಾಡಿದ ಪುಟ ಒಂದೂ ಇಲ್ಲ, ನಿನಗೂ ಗೊತ್ತು.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಾಚಿಕೆ ಬಿಟ್ಟೇ ಬರೆಯುತ್ತೇನೆ. ಪ್ರಕಾಶಕರು ಇಂಥ ಕಲ್ಪನೆಯ ಅಂಗಡಿಗಳದ್ದೇ ಒಂದು ಪುಸ್ತಕ ಕೇಳುತ್ತಿದ್ದಾರೆ. ಒಪ್ಪಿಕೊಂಡೆ. ಲಿಂಗನಮಕ್ಕಿಯ ಹಿನ್ನೀರಿನ ದಂಡೆಯ ಮೇಲೆ ಒಂದು ಅಂಗಡಿ ಕಟ್ಟಲು ಕೂತೆ. ಗೋಡೆ ಬಂತು, ಬಾಗಿಲು ಬಂತು, ಕಪಾಟುಗಳು ಬಂದವು. ಒಳಗೆ ಮನುಷ್ಯರು ಬರಲಿಲ್ಲ. ತಿಂಗಳುಗಟ್ಟಲೆ ಒದ್ದಾಡಿದೆ. ನಿನ್ನ ಧರ್ಮಪ್ಪ ಏಣಿ ಕೊಡುವ ಮೊದಲು ಅಂಗೈ ತೋರಿಸು ಎನ್ನುತ್ತಾನಲ್ಲ, ಅದೆಲ್ಲ ನಿನಗೆ ಎಲ್ಲಿಂದ ಹೊಳೆಯಿತು?

ಐದು ಅಂಗಡಿ ಬರೆದುಕೊಡುತ್ತೀಯಾ? ಪ್ರಕಾಶಕರು ಕೊಡುವುದರಲ್ಲಿ ಅರ್ಧ ನಿನಗೆ. ಹೆಸರು ಮಾತ್ರ ಕೇಳಬೇಡ. ಇಷ್ಟು ದೂರ ಬಂದ ಮೇಲೆ ಅದು ನನ್ನ ಕೈಯಲ್ಲಿಲ್ಲ. ನಿನ್ನನ್ನು ಬಿಟ್ಟರೆ ಇದನ್ನು ಕೇಳಲು ನನಗೆ ಯಾರೂ ಇಲ್ಲ.

ಗೌರಿ


ಹೊಸನಗರ
18 ನವೆಂಬರ್ 2024

ಗೌರಿ,

ನಿನ್ನ ಕಾಗದ ಬಂದ ವಾರವೇ ಐದು ಅಂಗಡಿ ಬರೆದೆ. ಕಷ್ಟವೇನೂ ಆಗಲಿಲ್ಲ. ಕಳಿಸುವುದಿಲ್ಲ. ಅವು ನನ್ನ ಹತ್ತಿರವೇ ಇರಲಿ.

ಮೊನ್ನೆ ಶನಿವಾರದ ವಿಷಯ ಹೇಳಿ ಮುಗಿಸುತ್ತೇನೆ. ಚಿತ್ರದುರ್ಗದಿಂದ ಗಂಡ ಹೆಂಡತಿ ಬೈಕಿನಲ್ಲಿ ಬಂದಿದ್ದರು. ಕಿರಣ್ ಎಂದು ಆತನ ಹೆಸರು, ಅವಳದ್ದು ವಿನಯಾ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲವಂತೆ. ನೀರಿನ ಬಾಟಲಿ ತುಂಬಿಸಿಕೊಳ್ಳಲು ನನ್ನ ಅಂಗಡಿಯ ಮುಂದೆ ನಿಂತರು. ಅವಳ ಕೈಯಲ್ಲಿ ನಿನ್ನ ಪುಸ್ತಕ.

‘ಅಕ್ಕಾ, ಧರ್ಮಪ್ಪನ ಅಂಗಡಿ ಜಾಗ ಇಲ್ಲೇನಾ?’ ಎಂದಳು.

‘ಅಂಥ ಅಂಗಡಿ ಇಲ್ಲಮ್ಮ.’

‘ಗೊತ್ತು ಬಿಡಿ, ಅವರೇ ಹೇಳಿದಾರಲ್ಲ. ಇದ್ದಿದ್ರೆ ಎಲ್ಲಿರ್ತಿತ್ತು ಅಂತ ನೋಡೋಕೆ ಬಂದ್ವಿ.’

ನಾನು ಮೆಷಿನ್ ಆಫ್ ಮಾಡಿ ಅವರ ಜೊತೆ ಹೋದೆ. ಯಾಕೆ ಹೋದೆನೋ. ಗಿರಣಿಯ ಎಡಗಡೆ ಮೆಟ್ಟಿಲು ಶುರುವಾಗುತ್ತಿದ್ದ ಜಾಗ ತೋರಿಸಿದೆ. ಕಿಟಕಿ ಯಾವ ಕಡೆ, ಧರ್ಮಪ್ಪ ಕೂರುವುದು ಎಲ್ಲಿ, ಎಲ್ಲ ಹೇಳಿದೆ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಇಷ್ಟು ವರ್ಷದಲ್ಲಿ ಅಷ್ಟು ಹೊತ್ತು ನನ್ನ ಮಾತು ಕೇಳಿದವರು ಇನ್ನೊಬ್ಬರಿಲ್ಲ. ‘ಏಣಿಯ ಮೂರನೇ ಮೆಟ್ಟಿಲು ಮುರಿದಿತ್ತು, ನೋಡಿಕೊಂಡು ಹತ್ತಬೇಕಿತ್ತು’ ಎಂದೆ.

‘ಮೂರನೇದಲ್ಲ ಅಕ್ಕಾ, ನಾಲ್ಕನೇದು’ ಎಂದು ಪುಟ ತೆಗೆದು ತೋರಿಸಿದಳು. ಹೌದು, ನಾಲ್ಕನೆಯದು ಎಂದೇ ಇದೆ. ನಾನು ಮೂರು ಎಂದು ಬರೆದಿದ್ದೆ. ನೀನು ಯಾಕೆ ಬದಲಿಸಿದೆಯೋ ತಿಳಿಯದು. ಅವಳು ನಕ್ಕು, ‘ನೀವೂ ಓದಿದೀರಾ, ಆದ್ರೆ ಸರಿಯಾಗಿ ಓದಿಲ್ಲ’ ಎಂದಳು. ನಾನು ತಲೆಯಾಡಿಸಿದೆ.

ಬರೆದವಳು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆ ಹುಡುಗಿ ಗಂಡನ ಮುಖ ನೋಡುತ್ತಿದ್ದಳು. ಆಮೇಲೆ ಪಾಪ ಎಂದು ನನ್ನ ಮುಖ ನೋಡುತ್ತಿದ್ದಳು. ಅದು ನನಗೆ ಬೇಡವಾಗಿತ್ತು.

ಹೊರಡುವ ಮುಂಚೆ ಇಬ್ಬರೂ ಗಿರಣಿಯ ಗೋಡೆಗೆ ಒರಗಿ ನಿಂತರು. ಅವಳು ಪುಸ್ತಕವನ್ನು ಎದೆಯ ಹತ್ತಿರ ಹಿಡಿದುಕೊಂಡು ತನ್ನ ಮೊಬೈಲ್ ನನ್ನ ಕೈಗೆ ಕೊಟ್ಟಳು. ‘ಬರೆದವರ ಹೆಸರು ಕಾಣೋ ಹಾಗೆ ತೆಗೀರಿ ಅಕ್ಕಾ, ಅವರಿಗೇ ಕಳಿಸ್ಬೇಕು’ ಎಂದಳು.

ಮೊದಲನೆಯ ಫೋಟೋದಲ್ಲಿ ಅವಳ ಬೆರಳು ಹೆಸರಿಗೆ ಅಡ್ಡ ಬಂತು. ಎರಡನೆಯದರಲ್ಲಿ ಬಿಸಿಲು ಹೊಡೆದು ಅಕ್ಷರ ಅಳಿಸಿಹೋಯಿತು. ಅಷ್ಟಕ್ಕೇ ಬಿಡಬಹುದಿತ್ತು. ಪುಸ್ತಕವನ್ನು ಸ್ವಲ್ಪ ಓರೆ ಮಾಡಿ ಹಿಡಿ ಎಂದು ನಾನೇ ಹೇಳಿ, ಎರಡು ಹೆಜ್ಜೆ ಹತ್ತಿರ ಹೋಗಿ ಮೂರನೆಯದು ತೆಗೆದೆ. ನಿನ್ನ ಹೆಸರು ಚೆನ್ನಾಗಿ ಬಂದಿದೆ.

ಸ್ವಾತಿ